ನೆಡಿಸಿದವರು ಮತ್ತು ನೆಟ್ಟವರು

ನಮ್ಮ ಚನ್ನರಾಯಪಟ್ಟಣದ ಸೀಮೆಯವರಿಗೆ ಶ್ರವಣಬೆಳಗೊಳವು ಯಾತ್ರಾಸ್ಥಳ ಎನ್ನುವುದಕ್ಕಿಂತ ನೆರೆಮನೆ ಎನ್ನುವುದೇ ಹೆಚ್ಚು ಸರಿ. ದೂರದವರು ಹನ್ನೆರಡು ವರ್ಷಕ್ಕೊಮ್ಮೆ ಬರುವ ಮಹಾಮಸ್ತಕಾಭಿಷೇಕಕ್ಕೆಂದು ಬರುತ್ತಾರೆ. ದಂಡಿಗನಹಳ್ಳಿ ಹೋಬಳಿಯಲ್ಲಿ ಹುಟ್ಟಿ ಬೆಳೆದ ನಮ್ಮಂಥವರು ನೆಂಟರು ಬಂದಾಗಲೆಲ್ಲ ದೊಡ್ಡಬೆಟ್ಟದ ಮೆಟ್ಟಿಲು ಹತ್ತಿ ಇಳಿದವರು. ಕನ್ನಡ ವ್ಯಾಕರಣವನ್ನು ಪಾಠ ಹೇಳುವ ವೃತ್ತಿಗೆ ಬಂದಮೇಲೆ ನನಗೆ ಆ ಬೆಟ್ಟದ ಮೇಲೆ ಒಂದು ಕ್ರಿಯಾಪದವು ವಿಶೇಷವಾಗಿ ಕಣ್ಣಿಗೆ ಬೀಳತೊಡಗಿತು. ಗೊಮ್ಮಟನ ಪಾದದ ಬಳಿ ಕೊರೆದಿರುವ ಬರಹಗಳಲ್ಲಿ ಚಾವುಂಡರಾಯನು ವಿಗ್ರಹವನ್ನು ‘ಮಾಡಿಸಿದಂ’ ಎಂದಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ಸುತ್ತಾಲಯವನ್ನು ‘ಮಾಡಿಸಿದಂ’ ಎಂದಿದೆ. ಮಾಡಿದವನ ಹೆಸರಿಲ್ಲ, ಮಾಡಿಸಿದವನ ಹೆಸರು ಸಾವಿರ ವರ್ಷಗಳಿಂದ ಕಲ್ಲಿನಲ್ಲಿ ನಿಂತಿದೆ.

ಇದು ಚಾವುಂಡರಾಯನ ಮೇಲೆ ಹೊರಿಸುವ ದೂರಲ್ಲ. ನಮ್ಮ ಶಾಸನಗಳ ಭಾಷೆಯೇ ಹೀಗೆ. ಕೆರೆಯನ್ನು ಕಟ್ಟಿಸಿದರು, ಬಾವಿಯನ್ನು ತೋಡಿಸಿದರು, ದೇಗುಲವನ್ನು ಎತ್ತಿಸಿದರು. ಶಾಲೆಯಲ್ಲಿ ನಾವೆಲ್ಲರೂ ಬಾಯಿಪಾಠ ಮಾಡಿದ ಚರಿತ್ರೆಯ ಮೊದಲ ವಾಕ್ಯಗಳಲ್ಲಿ ಒಂದು ಯಾವುದು? ಅಶೋಕ ಚಕ್ರವರ್ತಿಯು ಸಾಲುಮರಗಳನ್ನು ನೆಡಿಸಿದನು ಎಂಬುದು. ದಾರಿಯ ಇಕ್ಕೆಲದಲ್ಲಿ ಪಶುಗಳಿಗೂ ಮನುಷ್ಯರಿಗೂ ನೆರಳಾಗಲೆಂದು ಆಲದ ಮರಗಳನ್ನು ಹಾಕಿಸಿದ ವಿಷಯವನ್ನು ಅವನು ತನ್ನ ಏಳನೆಯ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ. ನೆಡಿಸಿದನು, ನೆಟ್ಟವರು ಯಾರೆಂಬುದು ಯಾರಿಗೂ ಬೇಕಾಗಲಿಲ್ಲ. ‘ಇಸು’ ಎಂಬ ಒಂದು ಪ್ರತ್ಯಯದ ಬೆನ್ನ ಹಿಂದೆ ಎಷ್ಟು ಬೆನ್ನುಗಳು ಬಾಗಿದವು ಎಂಬುದನ್ನು ವ್ಯಾಕರಣವು ಹೇಳುವುದಿಲ್ಲ.

ಆದರೆ ಅದೇ ದೊಡ್ಡಬೆಟ್ಟದ ಮೇಲೆ, ಗೊಮ್ಮಟನಿಗೆ ಎದುರಾಗಿ ಸುತ್ತಾಲಯದ ಹೊರಗೆ, ಕೈಯಲ್ಲಿ ಗುಳ್ಳಕಾಯಿಯನ್ನು ಹಿಡಿದ ಒಂದು ಹೆಣ್ಣುವಿಗ್ರಹವಿದೆ. ಅವಳ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಚಾವುಂಡರಾಯನು ಮೊದಲ ಅಭಿಷೇಕಕ್ಕೆಂದು ಕೊಡಗಟ್ಟಲೆ ಹಾಲನ್ನು ತರಿಸಿ ಹೊಯ್ಯಿಸಿದರೂ ಅದು ಸುಮಾರು 57 ಅಡಿಯ ಆ ಮೂರ್ತಿಯ ಸೊಂಟದಿಂದ ಕೆಳಕ್ಕೆ ಇಳಿಯಲಿಲ್ಲವಂತೆ. ಆಗ ಒಬ್ಬ ಬಡ ಮುದುಕಿ ಗುಳ್ಳಕಾಯಿಯ ಓಡಿನಲ್ಲಿ ತಂದ ಒಂದು ಗುಟುಕು ಹಾಲು ಮೂರ್ತಿಯನ್ನೆಲ್ಲ ತೋಯಿಸಿ ಬೆಟ್ಟದಿಂದ ಕೆಳಕ್ಕೆ ಹರಿಯಿತಂತೆ. ಆಕೆ ಕೂಷ್ಮಾಂಡಿನೀ ದೇವಿಯೇ ಎಂದು ಭಕ್ತರು ನಂಬುತ್ತಾರೆ. ಐತಿಹ್ಯದ ಸತ್ಯಾಸತ್ಯಗಳ ವಿಚಾರ ಇಲ್ಲಿ ಬೇಡ. ನನಗೆ ಮುಖ್ಯವಾಗಿ ತೋರುವುದು ಇಷ್ಟು: ತರಿಸಿದವನ ಎದುರಿಗೆ ತಂದವಳೊಬ್ಬಳನ್ನು ನಿಲ್ಲಿಸದ ಹೊರತು ಜನರ ಮನಸ್ಸಿಗೆ ಸಮಾಧಾನವಾಗಲಿಲ್ಲ. ಆಕೆಗೆ ಅವರು ಹೆಸರನ್ನು ಕೊಡಲಿಲ್ಲ. ಆಕೆಯ ಕೈಯಲ್ಲಿದ್ದ ಕಾಯಿಯ ಹೆಸರನ್ನೇ ಕೊಟ್ಟರು.

2025ರ ನವೆಂಬರ್ 14ರಂದು ಬೆಂಗಳೂರಿನಲ್ಲಿ ಸಾಲುಮರದ ತಿಮ್ಮಕ್ಕನವರು ತೀರಿಕೊಂಡರೆಂಬ ಸುದ್ದಿ ಬಂದಾಗ ನನ್ನ ನೆನಪಿಗೆ ಮೊದಲು ಬಂದವಳು ಈ ಅಜ್ಜಿ. ತಿಮ್ಮಕ್ಕನವರಿಗೂ ಜನರು ಕೊಟ್ಟ ಹೆಸರು ಅವರ ಕೈಯ ಕೆಲಸದ್ದೇ. ನಮ್ಮ ಹಳ್ಳಿಗಳಲ್ಲಿ ಹೆಂಗಸನ್ನು ಗುರುತಿಸುವ ಕ್ರಮವನ್ನು ಓದುಗರು ಬಲ್ಲರು. ಮದುವೆಗೆ ಮೊದಲು ಇಂಥವರ ಮಗಳು, ಮದುವೆಯಾದ ಮೇಲೆ ಇಂಥವನ ಹೆಂಡತಿ, ಮುಂದೆ ಇಂಥವನ ತಾಯಿ. ಷಷ್ಠೀ ವಿಭಕ್ತಿಯಲ್ಲಿಯೇ ಆಕೆಯ ಆಯುಷ್ಯ ಕಳೆಯುತ್ತದೆ. ಮಕ್ಕಳಿಲ್ಲದವಳಿಗೆ ಆ ಮೂರನೆಯ ಹೆಸರು ದಕ್ಕುವುದಿಲ್ಲ. ಅದರ ಜಾಗದಲ್ಲಿ ದಕ್ಕುವ ಇನ್ನೊಂದು ಮಾತನ್ನು, ‘ಬಂಜೆ’ ಎಂಬುದನ್ನು, ನೆರೆಹೊರೆಯವರು ಉದಾರವಾಗಿ ಕೊಡುತ್ತಾರೆ. ತಿಮ್ಮಕ್ಕನವರು ಈ ಎಲ್ಲ ಹೆಸರುಗಳನ್ನೂ ದಾಟಿ ‘ಸಾಲುಮರದ’ ಎಂಬ ಷಷ್ಠಿಯನ್ನು ತಾವೇ ಸಂಪಾದಿಸಿಕೊಂಡರು. ಕನ್ನಡದಲ್ಲಿ ಇಷ್ಟು ದುಡಿದು ಗಳಿಸಿದ ವಿಶೇಷಣ ಇನ್ನೊಂದಿರಲಾರದು.

ಅವರು ಹುಟ್ಟಿದ್ದು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ, 1911ರಲ್ಲಿ ಎಂದು ಗಣನೆ. ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಕಲ್ಲುಗಣಿಯಲ್ಲಿ ಕೂಲಿಮಾಡಿ ಹೊಟ್ಟೆ ಹೊರೆಯುವ ಬಾಳು. ಮದುವೆಯಾಗಿ ಬಂದುದು ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ, ಚಿಕ್ಕಯ್ಯನವರ ಕೈ ಹಿಡಿದು. ಅವರೂ ಕೂಲಿಯವರೇ. ಮಾತು ತಡವರಿಸುತ್ತಿದ್ದುದರಿಂದ ಊರವರು ಅವರನ್ನು ‘ಬಿಕ್ಕಲ ಚಿಕ್ಕಯ್ಯ’ ಎನ್ನುತ್ತಿದ್ದರು. ಅಕ್ಷರ ಬಾರದ ಹೆಂಡತಿ, ಮಾತು ಸರಾಗವಾಗಿ ಬಾರದ ಗಂಡ, ಸಂತಾನವಿಲ್ಲ, ಆಸ್ತಿಯಿಲ್ಲ. ಲೋಕವು ಯಾವ ಯಾವುದನ್ನು ಸಂಪತ್ತೆಂದು ಎಣಿಸುತ್ತದೆಯೋ ಅವುಗಳಲ್ಲಿ ಒಂದೂ ಇರದ ಮನೆ ಅದು.

ಮಕ್ಕಳಿಲ್ಲದ ಕೊರಗಿಗೆ ಪ್ರತಿಯಾಗಿ ಮರಗಳನ್ನು ಮಕ್ಕಳಂತೆ ಸಾಕಿದರು ಎಂದು ಎಲ್ಲರೂ ಬರೆಯುತ್ತಾರೆ, ಅವರೂ ಹಾಗೆಯೇ ಹೇಳುತ್ತಿದ್ದರು. ಅದು ನಿಜವೇ. ಆದರೆ ಆ ಒಂದು ಮಾತನ್ನು ಬಹಳ ಬೇಗ ಹೇಳಿ ಮುಗಿಸಿಬಿಟ್ಟರೆ ಕೆಲಸದ ಕಷ್ಟವು ಮರೆಯಾಗಿ ಮರುಕವೊಂದೇ ಉಳಿಯುತ್ತದೆ. ಕೊರಗಿನಿಂದ ಕಣ್ಣೀರು ಬಂದೀತು, ಮರ ಬೆಳೆಯಲಾರದು. ಅವರು ಮಾಡಿದ ಕೆಲಸವನ್ನು ಕೆಲಸವಾಗಿಯೇ ಒಮ್ಮೆ ನೋಡಬೇಕು.

ಹುಲಿಕಲ್ಲಿನ ಸುತ್ತಮುತ್ತ ಆಲದ ಮರಗಳು ಬೇಕಾದಷ್ಟಿದ್ದವು. ದಂಪತಿಗಳು ಅವುಗಳಿಂದಲೇ ಸಸಿಗಳನ್ನು ಮಾಡಿಕೊಂಡರು. ಮೊದಲನೆಯ ವರ್ಷ 10, ಎರಡನೆಯ ವರ್ಷ 15, ಮೂರನೆಯ ವರ್ಷ 20. ಈ ಮೂರು ಸಂಖ್ಯೆಗಳನ್ನು ನಾನು ತರಗತಿಯಲ್ಲಿ ಹಲಗೆಯ ಮೇಲೆ ಬರೆದು ತೋರಿಸುವುದುಂಟು. ಒಂದೇ ದಿನದಲ್ಲಿ ಸಾವಿರ ಗಿಡ ನೆಟ್ಟೆವೆಂದು ಫಲಕ ಹಿಡಿದು ಚಿತ್ರ ತೆಗೆಸಿಕೊಳ್ಳುವ ಕಾಲ ಇದು. ಮುಂದಿನ ವರ್ಷ ಅದೇ ಗುಂಡಿಗಳಲ್ಲಿ ಮತ್ತೆ ಸಾವಿರ ಗಿಡ ನೆಡುವ ಅನುಕೂಲವೂ ನಮಗಿದೆ. ಕೂಲಿಯ ಗಂಡಹೆಂಡಿರಿಗೆ ಆ ಅನುಕೂಲವಿರಲಿಲ್ಲ. ಹೊತ್ತು ತಂದ ನೀರು ಎಷ್ಟು ಗಿಡಕ್ಕೆ ಸಾಕಾಗುವುದೋ ಅಷ್ಟನ್ನೇ ನೆಟ್ಟರು. ಬದುಕಿಸಬಲ್ಲಷ್ಟನ್ನು ಮಾತ್ರ ನೆಡುವುದು, ನೆಟ್ಟಷ್ಟನ್ನು ಬದುಕಿಸುವುದು: ಇದು ಭಾವಾವೇಶದ ಲೆಕ್ಕವಲ್ಲ, ಸಂಸಾರಸ್ಥರ ಲೆಕ್ಕ.

ನೆಡುವುದು ಮಳೆಗಾಲದ ಆರಂಭದಲ್ಲಿ. ಮಳೆ ಹಿಡಿದುಕೊಂಡರೆ ಆಲವು ತಾನಾಗಿಯೇ ಬೇರು ಬಿಡುತ್ತದೆ. ಕಷ್ಟವೆಲ್ಲ ಆ ಮೊದಲ ಮಳೆಗಾಲ ಕಳೆದ ಮೇಲಿನ ಬೇಸಿಗೆಯದು. ಬಯಲು ಸೀಮೆಯ ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಎಳೆಯ ಬೇರಿಗೆ ನೀರಿಲ್ಲದೆ ಹೋದರೆ ಒಂದು ವಾರದಲ್ಲಿ ಗಿಡ ಕಡ್ಡಿಯಾಗುತ್ತದೆ. ಆದ್ದರಿಂದ ಗಂಡಹೆಂಡಿರು ಕೊಡಗಳಲ್ಲಿ ನೀರು ತುಂಬಿಕೊಂಡು ನಾಲ್ಕು ಕಿಲೋಮೀಟರುಗಳವರೆಗೂ ನಡೆದುಹೋಗಿ ಹೊಯ್ಯುತ್ತಿದ್ದರು. ನೀರಿನ ಚಿಂತೆ ತೀರಿದರೆ ದನಕರುಗಳ ಚಿಂತೆ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ದಾರಿಬದಿಯ ಸಸಿಯನ್ನು ಸಾಕಿದವರೇ ಕಟ್ಟಿರಬೇಕು. ಮುಳ್ಳಿನ ಕಂಟಿಗಳನ್ನು ಕಡಿದು ತಂದು ಪ್ರತಿಯೊಂದು ಸಸಿಯ ಸುತ್ತಲೂ ಬೇಲಿ ಕಟ್ಟಬೇಕು. ಬೇಲಿ ಒಣಗಿ ಮುರಿದಾಗಲೆಲ್ಲ ಮತ್ತೆ ಕಟ್ಟಬೇಕು. ಈ ಕೆಲಸವು ಎಷ್ಟು ಬೆಳೆಯಿತೆಂದರೆ ಚಿಕ್ಕಯ್ಯನವರು ಒಂದು ಹಂತದಲ್ಲಿ ಕೂಲಿಯನ್ನೇ ಬಿಟ್ಟು ಗಿಡಗಳ ಆರೈಕೆಗೆ ನಿಂತರು. ತಿಮ್ಮಕ್ಕನವರು ಹಗಲು ಕೂಲಿಗೆ ಹೋಗಿ ಬಂದು ಅವರೊಡನೆ ಕೈಗೂಡಿಸುತ್ತಿದ್ದರು. ಹೊಟ್ಟೆಗೆ ಹೆಂಡತಿಯ ಕೂಲಿ, ಗಿಡಗಳಿಗೆ ಗಂಡನ ದಿನ. ಯಾವ ಸರ್ಕಾರವೂ ಹೇಳಲಿಲ್ಲ, ಯಾವ ಸಂಘವೂ ಕೊಡಲಿಲ್ಲ.

ಹೀಗೆ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಸುಮಾರು ನಾಲ್ಕೂವರೆ ಕಿಲೋಮೀಟರು ದಾರಿಯ ಇಕ್ಕೆಲದಲ್ಲಿ ಆಲದ ಮರಗಳ ಸಾಲು ಎದ್ದಿತು. ಒಂದು ಕಾಲದಲ್ಲಿ ಅವುಗಳ ಎಣಿಕೆ 284 ಎಂದಿತ್ತು. ‘ತಿಮ್ಮಕ್ಕ ಮತ್ತು 284 ಮಕ್ಕಳು’ ಎಂಬ ಸಾಕ್ಷ್ಯಚಿತ್ರದ ಹೆಸರಿನಲ್ಲಿ ಆ ಲೆಕ್ಕ ಉಳಿದಿದೆ. ಈಗ ಎಲ್ಲರ ಬಾಯಲ್ಲಿರುವ ಸಂಖ್ಯೆ 385. ಇದಲ್ಲದೆ ಬೇರೆಡೆಗಳಲ್ಲಿ ನೆಟ್ಟು ಬೆಳೆಸಿದವು ಸಾವಿರಗಳ ಲೆಕ್ಕದಲ್ಲಿವೆ.

ಬೆಂಗಳೂರು ಹಾಸನಗಳ ಹೆದ್ದಾರಿಯಿಂದ ಒಳಕ್ಕೆ ತಿರುಗಿದರೆ ಕುದೂರು ದೂರವೇನಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ನಾನು ಆ ದಾರಿಯನ್ನು ನಡೆದೆ. ಹೊರಗೆ ಬೇಸಿಗೆಯ ಬಿಸಿಲು. ಒಳಗೆ, ಎರಡು ಬದಿಯ ಕೊಂಬೆಗಳು ಮೇಲೆ ಕೂಡಿಕೊಂಡು, ಸಂಜೆಯಂತಹ ಬೆಳಕು. ಬಿಳಲುಗಳು ಇಳಿಬಿದ್ದಿದ್ದವು. ಹಣ್ಣು ತಿನ್ನಲು ಬಂದ ಹಕ್ಕಿಗಳ ಗದ್ದಲದಲ್ಲಿ ನನ್ನ ಉಪನ್ಯಾಸ ಯಾರಿಗೂ ಕೇಳಿಸಲಿಲ್ಲ; ಕೇಳಿಸದೆ ಹೋದುದೇ ಒಳ್ಳೆಯದಾಯಿತು. ಒಬ್ಬ ಹುಡುಗಿ ಮಾತ್ರ ಒಂದು ಬುಡವನ್ನು ತಬ್ಬಿ ನೋಡಿ, ತನ್ನ ಎರಡು ಕೈಗಳೂ ಸೇರುವುದಿಲ್ಲವೆಂದು ಕಂಡು, “ಸಾರ್, ಇದಕ್ಕೆ ಎಷ್ಟು ಕೊಡ ನೀರು ಹಿಡಿದಿರಬಹುದು?” ಎಂದಳು. ಕಾವ್ಯವನ್ನು ಓದಿ ಇಂತಹ ಪ್ರಶ್ನೆ ಕೇಳುವ ವಿದ್ಯಾರ್ಥಿಗಳು ದೊರೆತರೆ ನಮ್ಮ ವೃತ್ತಿ ಸಾರ್ಥಕವಾದಂತೆ.

ಇನ್ನು ಲೋಕವು ಅವರನ್ನು ಗುರುತಿಸಿದ ಬಗೆ. ಚಿಕ್ಕಯ್ಯನವರು 1991ರಲ್ಲಿ ತೀರಿಕೊಂಡರು. ರಾಷ್ಟ್ರೀಯ ಪೌರ ಪ್ರಶಸ್ತಿ ಬಂದುದು 1995ರಲ್ಲಿ. ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿ 1997ರಲ್ಲಿ. ಈ ತಾರೀಖುಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದಾಗ ಮನಸ್ಸು ಭಾರವಾಗುತ್ತದೆ. ಜೊತೆಯಲ್ಲಿ ಕೊಡ ಹೊತ್ತ ಗಂಡನು ಒಂದು ಹಾರವನ್ನೂ ಕಾಣಲಿಲ್ಲ. ಮುಂದೆ ಎಲ್ಲ ವೇದಿಕೆಗಳಲ್ಲಿಯೂ ಶಾಲು ಹೊದ್ದು ಕುಳಿತ ಮುದುಕಿಯ ಪಕ್ಕದಲ್ಲಿ ಕಾಣದ ಒಂದು ಕುರ್ಚಿ ಖಾಲಿಯಾಗಿ ಇದ್ದೇ ಇತ್ತು. ಇಂದು ನಾವು ತಿಮ್ಮಕ್ಕನವರನ್ನು ನೆನೆಯುವಾಗ ಬಿಕ್ಕಲ ಚಿಕ್ಕಯ್ಯನವರನ್ನು ಬಿಟ್ಟರೆ ಅರ್ಧ ಸಾಲನ್ನು ಕಡಿದಂತೆ.

2010ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅವರಿಗೆ ‘ನಾಡೋಜ’ ಗೌರವವನ್ನು ಕೊಟ್ಟಿತು. ಓಜ ಎಂಬುದು ಉಪಾಧ್ಯಾಯ ಎಂಬ ಶಬ್ದವೇ ಸವೆದು ಕನ್ನಡವಾದ ರೂಪ. ನಾಡೋಜ ಎಂದರೆ ನಾಡಿಗೇ ಗುರು. ಆದಿಕವಿ ಪಂಪನಿಗೆ ಸಂದ ಹೆಸರು ಅದು. ಓದುಬರಹ ಅರಿಯದ ಕೂಲಿ ಹೆಂಗಸಿಗೆ ಅದೇ ಹೆಸರು ಸಂದಿತು. ಇದರಲ್ಲಿ ವಿಪರ್ಯಾಸವಿದೆ ಎಂದು ನಕ್ಕವರೂ ಇದ್ದಾರೆ. ನನಗೆ ವಿಪರ್ಯಾಸ ಕಾಣಲಿಲ್ಲ. ಪಾಠ ಹೇಳುವುದೆಂದರೆ ಎಳೆಯ ಬೇರಿಗೆ ಬೇಸಿಗೆಯಲ್ಲಿ ನೀರು ಹೊಯ್ಯುವುದು ಎಂದು ನಂಬಿದವರಿಗೆ ಅಲ್ಲಿ ಯಾವ ವೈರುಧ್ಯವೂ ಕಾಣಲಾರದು.

ಬಿ.ಬಿ.ಸಿ.ಯವರು 2016ರಲ್ಲಿ ಜಗತ್ತಿನ ನೂರು ಮಂದಿ ಮಹಿಳೆಯರ ಪಟ್ಟಿಯಲ್ಲಿ ಅವರನ್ನು ಸೇರಿಸಿದರು. 2019ರಲ್ಲಿ ಪದ್ಮಶ್ರೀ ಬಂದಿತು. ರಾಷ್ಟ್ರಪತಿ ಭವನದ ಆ ಸಮಾರಂಭದಲ್ಲಿ ಪದಕವನ್ನು ಸ್ವೀಕರಿಸಿದ ಅವರು, ಪದ್ಧತಿಯಂತೆ ಕೈಮುಗಿದು ಹಿಂದಿರುಗದೆ, ರಾಷ್ಟ್ರಪತಿ ರಾಮನಾಥ ಕೋವಿಂದರ ಹಣೆಯನ್ನು ಮುಟ್ಟಿ ಹರಸಿದರು. ದೇಶವೆಲ್ಲ ಆ ಚಿತ್ರವನ್ನು ನೋಡಿ ಮೆಚ್ಚಿಕೊಂಡಿತು. ನಮ್ಮ ಹಳ್ಳಿಗಳಲ್ಲಿ ಬೆಳೆದವರಿಗೆ ಅದರಲ್ಲಿ ಅಚ್ಚರಿಯೇನೂ ಇರಲಿಲ್ಲ. ಮನೆಗೆ ಬಂದ ಹುಡುಗ ಎಷ್ಟೇ ದೊಡ್ಡ ಹುದ್ದೆಯವನಾದರೂ ಅಜ್ಜಿಯ ಕೈ ಅವನ ತಲೆಯ ಮೇಲೆಯೇ ಹೋಗುವುದು. ಕೊಡುವವರು ಯಾರು, ಪಡೆಯುವವರು ಯಾರು ಎಂಬ ಕ್ರಮವನ್ನು ಒಂದು ಗಳಿಗೆ ಅದಲುಬದಲು ಮಾಡಿದ ಆ ಕೈ, ಕಲ್ಲು ಒಡೆದ ಕೈ.

2020ರಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟನ್ನು ನೀಡಿತು. 2022ರಲ್ಲಿ ರಾಜ್ಯ ಸರ್ಕಾರವು ಸಂಪುಟ ದರ್ಜೆಯ ಸ್ಥಾನಮಾನದೊಡನೆ ಪರಿಸರ ರಾಯಭಾರಿಯ ಪಟ್ಟವನ್ನು ಕೊಟ್ಟಿತು. ಅರಣ್ಯ ಇಲಾಖೆಯ ವೃಕ್ಷೋದ್ಯಾನಗಳು ಅವರ ಹೆಸರನ್ನು ಹೊತ್ತಿವೆ. ಆದರೂ ಅವರು ವರ್ಷಗಟ್ಟಲೆ ಕೇಳುತ್ತ ಬಂದದ್ದು ಪದಕವನ್ನಲ್ಲ. ತಮ್ಮ ಊರಿಗೊಂದು ಆಸ್ಪತ್ರೆ ಬೇಕು ಎಂಬ ಮಾತನ್ನು. ಬೇನೆ ಬಂದವರು ದೂರ ಹೋಗಬೇಕಾದ ಊರಿನಲ್ಲಿ ಬಾಳಿದವರಿಗೆ ಮಾತ್ರ ಹುಟ್ಟುವ ಆಸೆ ಅದು. ಸನ್ಮಾನಿಸುವವರು ತಮಗೆ ಸುಲಭವಾದುದನ್ನು ಕೊಡುತ್ತಾರೆ, ಸನ್ಮಾನಿತರು ಕೇಳಿದುದನ್ನಲ್ಲ.

ಇದಕ್ಕಿಂತಲೂ ಕಠಿಣವಾದ ಪರೀಕ್ಷೆ ಬಂದುದು ಪದ್ಮಶ್ರೀ ಬಂದ ಅದೇ 2019ರಲ್ಲಿ. ಬಾಗೇಪಲ್ಲಿ ಹಲಗೂರು ರಸ್ತೆಯನ್ನು ಅಗಲಿಸುವ ಯೋಜನೆಗೆ ಈ ಸಾಲುಮರಗಳು ಅಡ್ಡವೆಂದು ಕಂಡುಬಂದವು. ಮಾರ್ಚ್ ತಿಂಗಳಲ್ಲಿ ಮರ ಬೆಳೆಸಿದ್ದಕ್ಕೆ ಪದಕ. ಜೂನ್ ತಿಂಗಳಲ್ಲಿ ಆ ಮರಗಳ ತಲೆಯ ಮೇಲೆ ಕೊಡಲಿಯ ನೆರಳು. ನೂರು ದಾಟಿದ ಆ ಮುದುಕಿ ಆಗ ಮುಖ್ಯಮಂತ್ರಿಯಾಗಿದ್ದ ಎಚ್. ಡಿ. ಕುಮಾರಸ್ವಾಮಿಯವರಲ್ಲಿಗೆ ಹೋಗಿ ಮರಗಳನ್ನು ಉಳಿಸಿಕೊಡಬೇಕೆಂದು ಕೇಳಿಕೊಂಡರು. ಸರ್ಕಾರವು ಬೇರೆ ಮಾರ್ಗವನ್ನು ಆಲೋಚಿಸುವುದಾಗಿ ಒಪ್ಪಿತು. ಸಂತೋಷ. ಆದರೆ ಇಲ್ಲಿ ನಿಂತು ಯೋಚಿಸಬೇಕಾದ ಒಂದು ಅಂಶವಿದೆ. ಆ ಮರಗಳಿಗೆ ಹೆಸರಾಂತ ತಾಯಿಯಿದ್ದಳು, ಆಕೆ ಇನ್ನೂ ಬದುಕಿದ್ದಳು, ಆದ್ದರಿಂದ ಕೇಳಲು ಒಂದು ದನಿ ಇತ್ತು. ಹಾಗೆ ದನಿಯಿಲ್ಲದ ಸಾಲುಮರಗಳ ಗತಿ ಏನಾಯಿತೆಂಬುದನ್ನು ನಮ್ಮ ಹಿರೀಸಾವೆ ಚನ್ನರಾಯಪಟ್ಟಣಗಳ ನಡುವಿನ ಹೆದ್ದಾರಿಯಲ್ಲಿ ಇಂದು ಮಧ್ಯಾಹ್ನ ಹೊತ್ತು ನಿಂತು ನೋಡಿದರೆ ಗೊತ್ತಾಗುತ್ತದೆ. ರಸ್ತೆ ಬೇಡವೆನ್ನುವ ಹಟ ನನಗಿಲ್ಲ. ಅದೇ ರಸ್ತೆಯಲ್ಲಿ ನಾನೂ ಓಡಾಡುತ್ತೇನೆ. ಆದರೆ ಬಸ್ಸಿಗೆ ಕಾಯುವ ಹೆಂಗಸು, ಎತ್ತು ಬಿಚ್ಚುವ ರೈತ, ತಲೆಯ ಮೇಲೆ ಹೊರೆಯಿರುವವರು, ಇವರಿಗೆ ಆ ಮರಗಳು ಕೊಡುತ್ತಿದ್ದುದನ್ನು ಯಾವ ಅಂದಾಜುಪಟ್ಟಿಯಲ್ಲಿಯೂ ಬರೆಯಲಿಲ್ಲ. ನೆಟ್ಟವರ ಹೆಸರನ್ನು ಬರೆದಿಡದ ನಾಡಿನಲ್ಲಿ ಕಡಿಯುವುದು ಸುಲಭ. ಅಳುವವರು ಯಾರೆಂದು ಗೊತ್ತಿರುವುದಿಲ್ಲವಲ್ಲ!

ನಮ್ಮ ಹೋಬಳಿಯ ಒಂದು ಊರಿನಲ್ಲಿ, ನನ್ನ ಬಾಲ್ಯದಲ್ಲಿ, ಒಬ್ಬ ಅಜ್ಜಿ ಇದ್ದಳು. ದಾರಿಯ ಹೊಂಗೆಮರದ ಕೆಳಗೆ ಬೇಸಿಗೆಯುದ್ದಕ್ಕೂ ಅರವಟ್ಟಿಗೆ ಇಡುತ್ತಿದ್ದಳು. ಎರಡು ಮಣ್ಣಿನ ಗಡಿಗೆ, ಒಂದು ತೆಂಗಿನ ಚಿಪ್ಪಿನ ಸೌಟು, ರಾಮನವಮಿಯ ದಿನ ಮಾತ್ರ ನೀರಿನ ಬದಲು ಮಜ್ಜಿಗೆ. ಸ್ವಂತ ಹಸು ಇಲ್ಲದ ಆಕೆ ಆ ಮಜ್ಜಿಗೆಗಾಗಿ ಮೂರು ಮನೆಗಳ ಕೊಟ್ಟಿಗೆ ಬಳಿಯುತ್ತಿದ್ದಳೆಂದು ಆಮೇಲೆ ತಿಳಿಯಿತು. ನಾವು ಆಕೆಯನ್ನು ‘ಗಡಿಗೆ ಅಜ್ಜಿ’ ಎನ್ನುತ್ತಿದ್ದೆವು. ಆಕೆ ಸತ್ತಾಗ ಯಾವ ಪತ್ರಿಕೆಯಲ್ಲಿಯೂ ಬರಲಿಲ್ಲ. ಬರಬೇಕಿತ್ತೆಂದು ನಾನು ಹೇಳುವುದಿಲ್ಲ. ಆದರೆ ಗುಳ್ಳಕಾಯಜ್ಜಿ, ಗಡಿಗೆ ಅಜ್ಜಿ, ಸಾಲುಮರದ ತಿಮ್ಮಕ್ಕ: ಈ ಮೂವರಿಗೂ ಜನರು ಹೆಸರಿಟ್ಟ ಬಗೆ ಒಂದೇ ಎಂಬುದನ್ನು ಕಂಡಾಗ, ಶಾಸನಗಳಲ್ಲಿ ಬಾರದ ಇನ್ನೊಂದು ಚರಿತ್ರೆ ನಮ್ಮ ಆಡುಮಾತಿನಲ್ಲಿ ನಡೆದುಬಂದಿದೆ ಎಂದು ತೋರುತ್ತದೆ. ಅದು ‘ಇಸು’ ಪ್ರತ್ಯಯವಿಲ್ಲದ ಚರಿತ್ರೆ. ಅದನ್ನು ಬರೆದುಕೊಳ್ಳುವುದು ಪಂಡಿತರ ಕೆಲಸ. ನಾವು ಇನ್ನೂ ಸರಿಯಾಗಿ ಕೈಹಚ್ಚಿಲ್ಲ.

ಭಾಷೆಯ ವಿಷಯವಾಗಿ ಇನ್ನೊಂದು ಮಾತು. ‘ಬಂಜೆ’ ಎಂಬುದು ಸಂಸ್ಕೃತದ ವಂಧ್ಯಾ ಶಬ್ದದ ತದ್ಭವ. ‘ಬಂಜರು’ ಎಂಬುದು ಹಿಂದೂಸ್ತಾನಿಯಿಂದ ಬಂದ ಕಂದಾಯದ ಮಾತು. ಎರಡೂ ಕನ್ನಡ ಕಿವಿಗೆ ಅಕ್ಕತಂಗಿಯರಂತೆ ಕೇಳಿಸುತ್ತವೆ. ಒಂದು ಮಾತನ್ನು ಊರು ತಿಮ್ಮಕ್ಕನವರ ಮೇಲೆ ಎಸೆಯಿತು. ಅವರು ತಿರುಗಿ ಬೈಯಲಿಲ್ಲ. ಊರಿನ ಮುಂದಿದ್ದ ಇನ್ನೊಂದನ್ನು ಅಳಿಸಿಹಾಕಿದರು. ನನ್ನ ವಿದ್ಯಾರ್ಥಿನಿಯರಿಗೆ ನಾನು ಇದನ್ನು ಹೇಳುವಾಗ ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ: ಮರ ನೆಟ್ಟರೆ ಮಾತ್ರವೇ ಆ ಬೈಗುಳದಿಂದ ಬಿಡುಗಡೆ ಎಂದು ತಿಳಿಯಬಾರದು. ಆ ಶಬ್ದವು ತಾನಾಗಿಯೇ ನಿಘಂಟಿನ ಮೂಲೆಗೆ ಸರಿಯಬೇಕಾದದ್ದು. 385 ಮರಗಳನ್ನು ಬೆಳೆಸಿ ಉತ್ತರ ಕೊಡುವ ಶಕ್ತಿ ಎಲ್ಲರಿಗೂ ಇರುವುದಿಲ್ಲ; ಇರಬೇಕೆಂದು ಕೇಳುವ ಹಕ್ಕೂ ಯಾರಿಗೂ ಇಲ್ಲ.

ಬಾಳಿನ ಕೊನೆಯ ಭಾಗದಲ್ಲಿ ನಮ್ಮ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನವರಾದ ಉಮೇಶ್ ಅವರನ್ನು ತಿಮ್ಮಕ್ಕನವರು ಮಗನನ್ನಾಗಿ ಸ್ವೀಕರಿಸಿದರು. ಹಾಗಾಗಿ ಅವರು ನಮ್ಮ ಜಿಲ್ಲೆಗೂ ತಾಯಿಯೇ. 114 ವರ್ಷದ ಆಯುಷ್ಯವನ್ನು ಮುಗಿಸಿ ಅವರು ಹೋದಾಗ ಸರ್ಕಾರಿ ಗೌರವಗಳೊಡನೆ ಅಂತ್ಯಕ್ರಿಯೆ ನಡೆಯಿತು. ಮಂತ್ರಿಗಳು ಬಂದರು, ಸಾಹಿತಿಗಳು ಬರೆದರು, ಶಾಲೆಗಳಲ್ಲಿ ಮಕ್ಕಳು ಮೌನವಾಗಿ ನಿಂತರು. ಆಗಬೇಕಾದದ್ದೇ ಆಯಿತು.

ಆದರೆ ಮರಗಳ ವಿಷಯದಲ್ಲಿ ಸಾವು ಮುಗಿತಾಯವಲ್ಲ. ತಾಯಿ ಸತ್ತ ಮಕ್ಕಳನ್ನು ಊರು ನೋಡಿಕೊಳ್ಳಬೇಕೆಂಬುದು ನಮ್ಮ ಸೀಮೆಯ ಹಳೆಯ ಧರ್ಮ. ಆಲದ ಮರದ ಆಯುಷ್ಯ ನೂರಾರು ವರ್ಷ. ಹುಲಿಕಲ್ಲಿನ ಸಾಲು ಅದರ ಎದುರಿಗೆ ಇನ್ನೂ ಎಳೆಯದು. ಇನ್ನು ಮುಂದೆ ರಸ್ತೆಯ ನಕ್ಷೆಗಳು ಬರುತ್ತವೆ, ಅಳತೆಯ ಸರಪಳಿಗಳು ಬರುತ್ತವೆ, ಒಂದು ಸಲ ಉಳಿದ ಮರ ಇನ್ನೊಂದು ಸಲ ಉಳಿಯುವುದೆಂಬ ನೆಚ್ಚಿಕೆಯಿಲ್ಲ. ಮುಖ್ಯಮಂತ್ರಿಯ ಬಾಗಿಲಿಗೆ ಕೋಲೂರಿಕೊಂಡು ಹೋಗುವ ಅಜ್ಜಿ ಈಗಿಲ್ಲ. ಆ ದಾರಿಯನ್ನು ಹೋಗಬೇಕಾದವರು ಅವರ ಪಾಠವನ್ನು ಪಠ್ಯಪುಸ್ತಕದಲ್ಲಿ ಓದಿ ಅಂಕ ಪಡೆದವರು, ಆ ಪಾಠವನ್ನು ಹೇಳಿ ಸಂಬಳ ಪಡೆದವರು.

ಈ ವರ್ಷ ಮಳೆ ಬಿದ್ದಮೇಲೆ ನಮ್ಮ ಕಾಲೇಜಿನ ಹುಡುಗರು ಊರ ದಾರಿಯಲ್ಲಿ ಆಲದ ಸಸಿಗಳನ್ನು ನೆಡಬೇಕೆಂದು ಕೇಳಿದ್ದಾರೆ. ಎಷ್ಟು ಎಂದು ನಾನು ಕೇಳಿದೆ. ನೂರು ಎಂದರು. ಬೇಸಿಗೆಯಲ್ಲಿ ನೀರು ಹೊರುವವರು ಎಷ್ಟು ಮಂದಿ ಎಂದೆ. ತಮ್ಮೊಳಗೆ ಮಾತಾಡಿಕೊಂಡು ಬಂದು, “ಹತ್ತು ಸಾಕು ಸಾರ್” ಎಂದರು.